ಶಿವರಾತ್ರಿಯಿಂದ ಯುಗಾದಿಯವರೆಗೆ: ಘಟಪ್ರಭೆಯ ಸೀಮೆಯ ವಸಂತದ ಹವೆ

ಭಾರತೀಯ ಹವಾಮಾನ ಇಲಾಖೆಯ ಕಾಲವಿಭಾಗದಲ್ಲಿ ವಸಂತವೆಂಬ ಋತುವೇ ಇಲ್ಲ. ಜನವರಿ ಮತ್ತು ಫೆಬ್ರವರಿ ಚಳಿಗಾಲವೆಂದೂ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಅವಧಿ ಮುಂಗಾರುಪೂರ್ವ ಕಾಲವೆಂದೂ ಅದು ಎಣಿಸುತ್ತದೆ. ಪಂಚಾಂಗವು ಚೈತ್ರ-ವೈಶಾಖಗಳನ್ನು ವಸಂತವೆನ್ನುತ್ತದೆಯಾದರೂ ಆ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಬಿಸಿಲು ಬಲಿತು, ಕಾವ್ಯಗಳು ಬಣ್ಣಿಸುವ ತಂಗಾಳಿಯ ದಿನಗಳು ಮುಗಿದೇ ಹೋಗಿರುತ್ತವೆ. ಈ ಸೀಮೆಯಲ್ಲಿ ಚಳಿ ಹಿಂಜರಿದು ಬೇಸಿಗೆ ಇನ್ನೂ ಕಾಲೂರದ ಕಾಲವೆಂದರೆ ಮಾಘ ಬಹುಳ ಚತುರ್ದಶಿಯ ಶಿವರಾತ್ರಿಯಿಂದ ಚೈತ್ರ ಶುದ್ಧ ಪಾಡ್ಯದ ಯುಗಾದಿಯವರೆಗಿನ ಸುಮಾರು ಒಂದು ತಿಂಗಳು ಮಾತ್ರ. ಇಲ್ಲಿಯ ರೈತ ಈ ತಿಂಗಳನ್ನು ಹೂವಿನಿಂದ ಗುರುತಿಸಿದ್ದಕ್ಕಿಂತ ಹೆಚ್ಚಾಗಿ ಲೆಕ್ಕದಿಂದ ಗುರುತಿಸಿದ್ದಾನೆ: ಕಣಕ್ಕೆ ಬಂದ ಕಾಳೆಷ್ಟು, ಬಾವಿಯಲ್ಲಿ ಉಳಿದ ನೀರೆಷ್ಟು, ಬರುವ ವರ್ಷದ ಮಳೆಯೆಷ್ಟು ಎಂಬ ಮೂರು ಪ್ರಶ್ನೆಗಳು ಇದೇ ಅವಧಿಯಲ್ಲಿ ಒಟ್ಟಿಗೆ ಏಳುತ್ತಿದ್ದವು.

ಈ ಲೆಕ್ಕದ ಮೂಲ ಭೂಗೋಳದಲ್ಲಿದೆ. ಘಟಪ್ರಭೆ ಪಶ್ಚಿಮಘಟ್ಟದಲ್ಲಿ ಹುಟ್ಟಿ, ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳನ್ನು ಹಾಯ್ದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ಉಪನದಿಯಾದ ಹಿರಣ್ಯಕೇಶಿ ಹುಟ್ಟುವ ಅಂಬೋಲಿ ಘಟ್ಟದಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ಅಲ್ಲಿಂದ ನೇರದಾರಿಯಲ್ಲಿ ನೂರು ಕಿಲೋಮೀಟರಿನೊಳಗೇ ಇರುವ ಮೂಡಲಗಿ ತಾಲ್ಲೂಕಿನ ಅರಭಾವಿಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 530 ಮಿ.ಮೀ. ಮಾತ್ರ. ಘಟ್ಟವನ್ನೇರುವಾಗ ತೇವವನ್ನೆಲ್ಲ ಸುರಿಸಿದ ಗಾಳಿಯು ಪೂರ್ವಕ್ಕೆ ಇಳಿಯುತ್ತ ಒಣಗುವುದೇ ಇದಕ್ಕೆ ಕಾರಣ. ಇಂಥ ಪ್ರದೇಶವನ್ನು ಮಳೆನೆರಳಿನ ಪ್ರದೇಶವೆನ್ನುತ್ತಾರೆ. ಮೂರು ತಾಲ್ಲೂಕುಗಳಲ್ಲಿ ಘಟ್ಟಕ್ಕೆ ಹತ್ತಿರವಾದ ಹುಕ್ಕೇರಿ ಮತ್ತು ಸಂಕೇಶ್ವರದ ಕಡೆ ಮಳೆ ತುಸು ಹೆಚ್ಚು, ಬಿಸಿಲು ತುಸು ಕಡಿಮೆ. ಆದಿಲ್‌ಶಾಹಿ ಕಾಲದಲ್ಲಿ ಹುಕ್ಕೇರಿಯ ತೋಟಗಳಿಂದ ವಿಜಯಪುರಕ್ಕೆ ಗುಲಾಬಿ ಹೋಗುತ್ತಿತ್ತೆಂದು ಊರಿನ ಐತಿಹ್ಯ ಹೇಳುತ್ತದೆ. ಅದಕ್ಕೆ ಹವೆಯ ಆಧಾರವಂತೂ ಇಲ್ಲದಿಲ್ಲ. ಗೋಕಾಕದಲ್ಲಿ ಮಾತ್ರ ಕಲಾದಗಿ ಶಿಲಾಸ್ತರದ ಮರಳುಗಲ್ಲಿನ ಗುಡ್ಡಗಳು ಊರನ್ನು ಒತ್ತಿ ನಿಂತಿರುವುದರಿಂದ ಹಗಲು ಕಾದ ಬಂಡೆ ರಾತ್ರಿಯೂ ಬೇಗ ತಣಿಯುವುದಿಲ್ಲ.

ಫೆಬ್ರವರಿಯಲ್ಲಿ ಈ ಸೀಮೆಯ ಮೇಲೆ ಬೀಸುವ ಗಾಳಿ ಬಹುಪಾಲು ಮೂಡಣ ಮತ್ತು ಈಶಾನ್ಯ ದಿಕ್ಕಿನದು, ಒಣಗಿದ್ದು. ಆಕಾಶದಲ್ಲಿ ಮೋಡವಿಲ್ಲದಿರುವುದರಿಂದ ನೆಲವು ಹಗಲಿನಲ್ಲಿ ಬೇಗ ಕಾಯುತ್ತದೆ, ಇರುಳಿನಲ್ಲಿ ಅಷ್ಟೇ ಬೇಗ ಶಾಖವನ್ನು ಬಿಟ್ಟುಕೊಡುತ್ತದೆ. ಹೀಗಾಗಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ನಡುವಣ ಉಷ್ಣತೆಯ ಅಂತರ ವರ್ಷದಲ್ಲಿಯೇ ಅತಿ ಹೆಚ್ಚಾಗಿರುವ ದಿನಗಳಲ್ಲಿ ಇವೂ ಸೇರುತ್ತವೆ. ಚಳಿಯು ಶಿವರಾತ್ರಿಗೆ ಶಿವಶಿವಾ ಎಂದು ಹೋಗುತ್ತದೆಂಬ ಜನರ ಮಾತು ಈ ಬದಲಾವಣೆಯ ಮೊದಲ ಹಂತವನ್ನು ಹೇಳುತ್ತದೆ. ಮಾರ್ಚ್ ತಿಂಗಳು ಮುಂದುವರಿದಂತೆ ದಖ್ಖನ್ನಿನ ಒಳನಾಡು ಕಾದು, ವಿದರ್ಭ-ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಚಾಚಿದ ಕಡಿಮೆ ಒತ್ತಡದ ಒಂದು ಪಟ್ಟಿ ಏರ್ಪಡುತ್ತದೆ. ಅರಬ್ಬೀ ಸಮುದ್ರದ ಕಡೆಯ ಗಾಳಿ ಮತ್ತು ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿ ಅಲ್ಲಿ ಎದುರಾಗುತ್ತವೆ. ತೇವ ಸಾಕಷ್ಟಿದ್ದ ದಿನ ಮಧ್ಯಾಹ್ನದ ಬಿಸಿಗೆ ಗಾಳಿ ಮೇಲೆದ್ದು, ಮೂರು-ನಾಲ್ಕು ಗಂಟೆಯ ಹೊತ್ತಿಗೆ ಮೋಡ ಕಟ್ಟಿ, ಗುಡುಗು-ಸಿಡಿಲಿನೊಂದಿಗೆ ಮಳೆ ಬೀಳುತ್ತದೆ. ಊರವರು ಇದನ್ನು ಅಡ್ಡಮಳೆ ಎನ್ನುತ್ತಾರೆ. ಬೆಳೆ ಕಣದಲ್ಲಿರುವಾಗ ಬಂದರೆ ಅದೇ ಮಳೆ ಅವಕಾಳಿ, ಎಂದರೆ ಅಕಾಲದ ಮಳೆ. ಬೆಳಗಾವಿ ನಗರಕ್ಕೆ ಸಂಜೆ ಸಮುದ್ರದ ಕಡೆಯಿಂದ ಬರುವ ತಂಪು ಗಾಳಿಯು ಅಷ್ಟೇ ಬಲದಿಂದ ಗೋಕಾಕದವರೆಗೆ ಮುಟ್ಟುವುದಿಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು; ಒಂದೇ ಜಿಲ್ಲೆಯ ಎರಡು ಊರುಗಳ ವಸಂತಗಳು ಒಂದೇ ಅಲ್ಲ.

ನೀರಾವರಿ ಬರುವ ಮೊದಲು ಈ ಹವೆಯ ಒಂದೊಂದು ಲಕ್ಷಣಕ್ಕೂ ಒಕ್ಕಲುತನದಲ್ಲಿ ನಿರ್ದಿಷ್ಟ ಕೆಲಸವಿತ್ತು. ಎರೆಭೂಮಿಯು ಮಳೆಗಾಲದಲ್ಲಿ ಹಿಡಿದಿಟ್ಟ ಹಸಿಯನ್ನೇ ನಂಬಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ, ಕಡಲೆ, ಗೋಧಿ ಮತ್ತು ಕುಸುಬಿಗಳಿಗೆ ಚಳಿಗಾಲದ ಇಬ್ಬನಿಯೇ ಮೇಲಿನ ನೀರು. ಕಡಲೆಯ ಗಿಡಗಳ ಮೇಲೆ ರಾತ್ರಿ ಬಿಳಿ ಬಟ್ಟೆಯನ್ನು ಹಾಸಿ, ಇಬ್ಬನಿಯೊಡನೆ ಅದಕ್ಕೆ ಹತ್ತಿದ ಹುಳಿಯನ್ನು ಬೆಳಗಿನಲ್ಲಿ ಹಿಂಡಿ ಮನೆಮದ್ದಿಗೆ ಇಟ್ಟುಕೊಳ್ಳುವ ರೂಢಿಯಿತ್ತು. ಜೋಳದ ತೆನೆ ಹಾಲು ತುಂಬಿದಾಗ ಹೊಲದಲ್ಲಿಯೇ ಸುಟ್ಟು ತಿನ್ನುವ ಸೀತನಿಯ ಕಾಲ ಮುಗಿದ ಮೇಲೆ, ಕಾಳು ಗಟ್ಟಿಯಾಗಲು ಬೇಕಾದದ್ದು ಮೋಡವಿಲ್ಲದ ಬಿಸಿಲು. ಮೋಡ ಕವಿದು ನಿಂತರೆ ಕಡಲೆಗೆ ಕೀಡೆ ಬೀಳುತ್ತದೆಂಬುದು ಎಲ್ಲರಿಗೂ ತಿಳಿದ ಭಯವಾಗಿತ್ತು. ಶಿವರಾತ್ರಿಯ ಆಸುಪಾಸಿನಲ್ಲಿ ಜೋಳವನ್ನು ಕಿತ್ತು, ತೆನೆ ಮುರಿದು, ಕಣದ ನಡುವೆ ನೆಟ್ಟ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸಿ ತುಳಿಸುವ ಹಂತಿ ಶುರುವಾಗುತ್ತಿತ್ತು. ರಾತ್ರಿಯ ತಂಪಿನಲ್ಲಿ ಎತ್ತುಗಳ ಹಿಂದೆ ನಡೆಯುತ್ತ ಹೇಳುವ ಹಂತಿಪದಗಳು ಉತ್ತರ ಕರ್ನಾಟಕದ ಜಾನಪದದ ದೊಡ್ಡ ಭಾಗವಾಗಿ ಬೆಳೆದದ್ದು ಈ ಹವೆಯ ದೆಸೆಯಿಂದಲೇ: ಹಗಲಿನ ಬಿಸಿಲಿನಲ್ಲಿ ಎತ್ತು ದಣಿಯುತ್ತಿದ್ದುದರಿಂದ ಕೆಲಸ ಇರುಳಿಗೆ ಸರಿಯಿತು, ಇರುಳಿನ ಕೆಲಸಕ್ಕೆ ನಿದ್ದೆಗೆಡಿಸುವ ಹಾಡು ಬೇಕಾಯಿತು.

ತುಳಿದ ರಾಶಿಯನ್ನು ತೂರಲು ಗಾಳಿ ಬೇಕು. ಎತ್ತರದಲ್ಲಿ ನಿಂತವನು ಮೊರದಿಂದ ಕಾಳನ್ನು ಸುರಿಯುವಾಗ ಹೊಟ್ಟು ಒಂದೇ ಕಡೆಗೆ ಹಾರಿ ಬೀಳಬೇಕಾದರೆ ಗಾಳಿ ದಿಕ್ಕು ಬದಲಿಸದೆ ಬೀಸುತ್ತಿರಬೇಕು. ಫಾಲ್ಗುಣದಲ್ಲಿ ಮೂಡಣ ಗಾಳಿ ಕುಗ್ಗಿ ಪಡುವಣ ಗಾಳಿ ಬಲಿಯುವ ನಡುವಿನ ನಿಶ್ಚಲ ದಿನಗಳು ಕಣದಲ್ಲಿ ಕೈಕಟ್ಟಿ ಕೂರುವ ದಿನಗಳಾಗಿದ್ದವು. ಒಣಹವೆಗೆ ಮತ್ತೊಂದು ಬೆಲೆಯಿತ್ತು. ಕಾಳನ್ನು ನೆಲದೊಳಗಿನ ಗುಂಡಿಯಾದ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಮೊದಲು ಅದರಲ್ಲಿ ತೇವದ ಅಂಶ ಉಳಿದಿರಬಾರದು. ಚೆನ್ನಾಗಿ ಒಣಗಿದ ಜೋಳವು ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು, ಬರಗಾಲದಲ್ಲಿ ಊರನ್ನು ಉಳಿಸುತ್ತಿತ್ತು. ಮಾರ್ಚ್ ತಿಂಗಳ ಒಂದು ಅಡ್ಡಮಳೆ ಆ ವರ್ಷದ ಕಾಳನ್ನಷ್ಟೇ ಅಲ್ಲ, ಮುಂದಿನ ಬರಕ್ಕೆ ಇಡಬೇಕಾದ ಕಾಪನ್ನೂ ಕೆಡಿಸುತ್ತಿತ್ತೆಂಬುದನ್ನು ನೆನೆದರೆ, ಮಾವಿನ ಹೀಚಿಗೆ ಒಳ್ಳೆಯದೆಂದು ಬೇರೆಡೆ ಹೊಗಳಿಸಿಕೊಂಡ ಈ ಮಳೆಗೆ ಇಲ್ಲಿ ಸ್ವಾಗತ ಏಕಿರಲಿಲ್ಲವೆಂಬುದು ಅರ್ಥವಾಗುತ್ತದೆ.

ಕಣದ ಲೆಕ್ಕ ಮುಗಿದ ಮೇಲೆ ಆಕಾಶದ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು ಹದಿಮೂರು-ಹದಿನಾಲ್ಕು ದಿನಗಳನ್ನು ಆ ನಕ್ಷತ್ರದ ಮಳೆಯೆಂದು ಕರೆಯುವ ಪದ್ಧತಿಯಲ್ಲಿ, ಏಪ್ರಿಲ್ ನಡುವಿನಲ್ಲಿ ಅಶ್ವಿನಿಯೂ ತಿಂಗಳ ಕೊನೆಗೆ ಭರಣಿಯೂ ಮೇ ಕೊನೆಯಲ್ಲಿ ರೋಹಿಣಿಯೂ ಜೂನ್ ಮೊದಲ ವಾರದ ಕೊನೆಗೆ ಮೃಗಶಿರವೂ ಬರುತ್ತವೆ. ಯುಗಾದಿಯ ದಿನ ಗುಡಿಯಲ್ಲಿಯೋ ಚಾವಡಿಯಲ್ಲಿಯೋ ಪಂಚಾಂಗವನ್ನು ಓದಿಸಿ, ಆ ವರ್ಷ ಎಷ್ಟು ಕೊಳಗ ಮಳೆಯೆಂದು ಕೇಳುವ ರೂಢಿ ಈ ಊರುಗಳಲ್ಲಿ ಇಂದಿಗೂ ಪೂರ್ತಿ ನಿಂತಿಲ್ಲ. ಈ ಪದ್ಧತಿಯನ್ನು ಸಾವಿರಾರು ವರ್ಷಗಳ ಅನುಭವದ ಸಾರವೆಂದು ಹೊಗಳುವವರು ಖಗೋಳದ ಒಂದು ಸಂಗತಿಯನ್ನು ಗಮನಿಸಿದಂತಿಲ್ಲ. ಭೂಮಿಯ ಅಕ್ಷವು ಬಹು ನಿಧಾನವಾಗಿ ತಿರುಗುವುದರಿಂದ ಋತುಗಳು ನಕ್ಷತ್ರಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ಅಂಶದಷ್ಟು ಹಿಂದೆ ಸರಿಯುತ್ತವೆ; ಇದಕ್ಕೆ ಅಯನಚಲನೆಯೆಂದು ಹೆಸರು. ಹಗಲಿರುಳು ಸಮವಾಗುವ ವಿಷುವವು ಮಾರ್ಚ್ 20 ಅಥವಾ 21ಕ್ಕೆ ಬಂದರೆ, ಸೂರ್ಯನು ಅಶ್ವಿನಿಯನ್ನು ಪ್ರವೇಶಿಸುವ ಮೇಷ ಸಂಕ್ರಾಂತಿ ಈಗ ಏಪ್ರಿಲ್ 14ಕ್ಕೆ ಬೀಳುವುದು ಇದರಿಂದಲೇ. ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಲ್ಲಿ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಶಾಸನವಿದೆ. ಅದನ್ನು ಕೆತ್ತಿದ ದಿನಗಳಿಂದ ಇಂದಿನವರೆಗೆ ಋತುಗಳಿಗೆ ಹೋಲಿಸಿದರೆ ನಕ್ಷತ್ರದ ಮಳೆಗಳು ಹತ್ತಿರ ಹತ್ತಿರ ಹನ್ನೊಂದು ದಿನ ತಡವಾಗಿವೆ, ಎಂದರೆ ಬಹುಪಾಲು ಒಂದು ನಕ್ಷತ್ರದಷ್ಟು. ಆದುದರಿಂದ ರೋಹಿಣಿ ಮಳೆಗೆ ಓಣಿತುಂಬ ಜೋಳವೆಂಬ ಗಾದೆಯನ್ನು ಕಾರ್ತವೀರ್ಯನ ಕಾಲದ ಒಕ್ಕಲಿಗನೂ ಹೇಳುತ್ತಿದ್ದನೆಂದರೆ ಅವನು ಬೇರೊಂದು ವಾರದ ಮಳೆಯನ್ನು ಕುರಿತು ಹೇಳುತ್ತಿದ್ದನು. ಗಾದೆಗಳು ಇಂದಿಗೂ ಹೊಂದುತ್ತವೆಯೆಂದಾದರೆ, ಅವು ನಡುವೆ ಎಲ್ಲಿಯೋ ತಿದ್ದಿಸಿಕೊಂಡಿರಬೇಕು ಅಥವಾ ಜನ ಭಾವಿಸುವಷ್ಟು ಹಳೆಯವಲ್ಲದಿರಬೇಕು. ಜಾನಪದಕ್ಕೆ ಇದರಿಂದ ಅಗೌರವವಿಲ್ಲ. ಅನುಭವಕ್ಕೆ ತಕ್ಕಂತೆ ಮಾತನ್ನು ಹೊಂದಿಸಿಕೊಳ್ಳುವ ಪರಂಪರೆ ಕಲ್ಲಿನಂತೆ ನಿಂತ ಪರಂಪರೆಗಿಂತ ಹೆಚ್ಚು ಬದುಕಿರುವಂಥದು.

ಎರಡು ಲೆಕ್ಕಗಳೂ ಒಟ್ಟಿಗೆ ತಪ್ಪಿದ ವಸಂತವೆಂದರೆ 1877ರದು. ಹಿಂದಿನ ವರ್ಷ ಮುಂಗಾರೂ ಹಿಂಗಾರೂ ಕೈಕೊಟ್ಟು, ಮುಂಬಯಿ ಪ್ರಾಂತ್ಯದ ದಕ್ಷಿಣದ ಜಿಲ್ಲೆಗಳಾದ ಬೆಳಗಾವಿ, ಧಾರವಾಡ ಮತ್ತು ಕಲಾದಗಿಗಳಲ್ಲಿ ರಾಶಿಯ ಕಾಲಕ್ಕೆ ಕಣವೇ ತುಂಬಲಿಲ್ಲ. ಸುಗ್ಗಿಯ ತಿಂಗಳಾಗಬೇಕಿದ್ದ ಫಾಲ್ಗುಣದಲ್ಲಿ ಜನ ಬರಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಆ ವರ್ಷದ ಜನವರಿಯಲ್ಲಿ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ದುಡಿಯುವ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆಗೆ ಇಳಿಸಲಾಯಿತು. ಇದನ್ನು ವಿರೋಧಿಸಿ ಮುಂಬಯಿ ಪ್ರಾಂತ್ಯದ ಕೆಲವೆಡೆ ಕೂಲಿಕಾರರು ಕೆಲಸ ಬಿಟ್ಟು ನಡೆದರು. ಆ ವರ್ಷ ಶಾಂತ ಮಹಾಸಾಗರದ ಸಮಭಾಜಕದ ನೀರು ಅಸಾಧಾರಣವಾಗಿ ಕಾದಿತ್ತೆಂದು, ಎಂದರೆ ಎಲ್ ನಿನೊ ತೀವ್ರವಾಗಿತ್ತೆಂದು ಈಗ ತಿಳಿದಿದೆ. ಆಗ ಅದನ್ನು ಅರಿತವರಿರಲಿಲ್ಲ. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆ ಇನ್ನೂ ಎರಡು ವರ್ಷದ ಕೂಸು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ವಸಂತದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಗುರುತಿಸಿ, ಮಳೆಗಾಲದ ಮುನ್ಸೂಚನೆಯನ್ನು ನೀಡತೊಡಗಿದ್ದು ಈ ಬರದ ತರುವಾಯ, 1880ರ ದಶಕದಲ್ಲಿ.

ಈ ಅಧಿಕಾರಿಗಳು ಬಂದ ನಾಡಿನಲ್ಲಿ ವಸಂತಕ್ಕೆ ಬೇರೆಯದೇ ಇತಿಹಾಸವಿತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ರಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿ 1813ರ ಕೊನೆಯಿಂದ ದಿನ ತಪ್ಪದೆ ಉಷ್ಣತೆಯನ್ನು ಬರೆದಿಟ್ಟಿದ್ದಾರೆ; ಮಧ್ಯ ಇಂಗ್ಲೆಂಡಿನ ತಿಂಗಳವಾರು ಉಷ್ಣತೆಯ ಸರಣಿ 1659ರಷ್ಟು ಹಿಂದಕ್ಕೆ ಹೋಗುತ್ತದೆ. ನಾರ್ಫೋಕಿನ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರರು 1736ರಿಂದ ಮೊದಲ ಚಿಗುರು, ಮೊದಲ ಹೂವು, ಮೊದಲ ಕೋಗಿಲೆಯ ಕೂಗುಗಳ ದಿನಾಂಕವನ್ನು ಗುರುತಿಸಿದರು, ಅವರ ಮನೆತನ ಅದನ್ನು ತಲೆಮಾರುಗಳವರೆಗೆ ಮುಂದುವರಿಸಿತು. ಅಲ್ಲಿ ಮಾರ್ಚ್ ತಿಂಗಳಲ್ಲಿ ಹಗಲು ದಿನದಿನಕ್ಕೆ ಎದ್ದು ಕಾಣುವಂತೆ ಉದ್ದವಾಗುತ್ತದೆ, ಅಟ್ಲಾಂಟಿಕ್ ಕಡೆಯ ಗಾಳಿಗೆ ಒಂದು ದಿನ ಬಿಸಿಲು ಬಂದರೆ ಮರುದಿನ ಹಿಮವೂ ಬೀಳಬಹುದು. ವಸಂತವೆಂಬುದು ಕಾದು ನೋಡಬೇಕಾದ ಅನಿಶ್ಚಿತ. ಗೋಕಾಕದಲ್ಲಿ ಹಗಲಿನ ಉದ್ದ ಅಷ್ಟಾಗಿ ಬದಲಾಗದು, ಫಾಲ್ಗುಣದ ಬಿಸಿಲು ಬಹುತೇಕ ನಿಶ್ಚಿತ, ಅನಿಶ್ಚಿತವಾದದ್ದು ನೀರು. ಹೀಗಾಗಿ ಬ್ರಿಟಿಷ್ ಅಧಿಕಾರಿಗಳು ಇಲ್ಲಿ ತಮ್ಮ ವಸಂತವನ್ನು ಬಿಟ್ಟು, ಚಳಿ, ಬೇಸಿಗೆ, ಮಳೆ ಎಂಬ ಮೂರು ಕಾಲಗಳಲ್ಲಿಯೇ ವರ್ಷವನ್ನು ಎಣಿಸಿದರು. ಒಕ್ಕಲಿಗನು ದಿನಬಳಕೆಯಲ್ಲಿ ಎಣಿಸುತ್ತಿದ್ದುದೂ ಅದೇ ಮೂರು ಕಾಲಗಳನ್ನು. ತಾಲ್ಲೂಕು ಕೇಂದ್ರಗಳಲ್ಲಿ ಮಳೆಮಾಪಕಗಳನ್ನಿಟ್ಟು ಅವರು ಅಳೆದದ್ದು ಮಳೆಯನ್ನು. ಮೊದಲ ಬೇವಿನ ಹೂವಿನ ದಿನಾಂಕವನ್ನು ಇಲ್ಲಿ ಬರೆದಿಟ್ಟ ಮಾರ್ಷಮ್ ಹುಟ್ಟಲಿಲ್ಲ.

ಬರದ ನಂತರದ ಎರಡು ದಶಕಗಳಲ್ಲಿ ಘಟಪ್ರಭೆಯ ವಸಂತ ಮೊದಲ ಬಾರಿಗೆ ಬದಲಾಯಿತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಉಕ್ಕಿ ಹರಿದು ಫೆಬ್ರವರಿಯ ಹೊತ್ತಿಗೆ ಕಲ್ಲುಗಳ ನಡುವಿನ ಎಳೆಯಾಗಿ ಇಳಿಯುವ ಹೊಳೆಗೆ, ಧೂಪದಾಳದ ಬಳಿ ಕಟ್ಟಿದ ಒಡ್ಡು 1897ರಲ್ಲಿ ಪೂರ್ಣಗೊಂಡಿತು. ಅದರ ಕೆಳಗೆ 52 ಮೀಟರ್ ಎತ್ತರದಿಂದ ಬೀಳುವ ಗೋಕಾಕ ಜಲಪಾತದ ನೀರಿನ ಬಲದ ಮೇಲೆ 1887ರಲ್ಲಿ ನೂಲಿನ ಗಿರಣಿ ಆರಂಭವಾಗಿತ್ತು. ಜಲಪಾತವನ್ನು ನೋಡಲು ಬರುವವರಿಗೆ ಆಗಸ್ಟ್ ಮುಖ್ಯವಾದರೆ, ಗಿರಣಿಗೆ ಮುಖ್ಯವಾದದ್ದು ಮಾರ್ಚ್: ನೀರು ಸೊರಗುವ ತಿಂಗಳುಗಳಲ್ಲಿಯೂ ಯಂತ್ರ ತಿರುಗಬೇಕಾದರೆ ಮೇಲುಗಡೆ ಸಂಗ್ರಹ ಬೇಕಿತ್ತು. ಹೊಲಕ್ಕೂ ಗಿರಣಿಗೂ ಒಂದೇ ನೀರು ಬೇಕಾದ ಸ್ಥಿತಿ ಈ ಸೀಮೆಯಲ್ಲಿ ಹೊಸದು. ವಸಂತದ ನೀರಿಗೆ ಬೆಲೆ ಕಟ್ಟುವ ಕಾಲ ಅಲ್ಲಿಂದ ಶುರುವಾಯಿತೆನ್ನಬಹುದು.

ಎರಡನೆಯ ಬದಲಾವಣೆ ಇನ್ನೂ ದೊಡ್ಡದು. ಧೂಪದಾಳದಿಂದ ಹೊರಟ ಎಡದಂಡೆ ಕಾಲುವೆಯನ್ನು ಘಟಪ್ರಭಾ ಯೋಜನೆಯ ಮೊದಲ ಹಂತದಲ್ಲಿ 71 ಕಿಲೋಮೀಟರಿನವರೆಗೆ ಒಯ್ದ ಮೇಲೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಂಗ್ರಹದ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಪೂರ್ಣಗೊಂಡಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಘಟ್ಟದ ಆಷಾಢದ ಮಳೆಯನ್ನು ಹಿಡಿದಿಟ್ಟು ಅರಭಾವಿಯ ಫಾಲ್ಗುಣಕ್ಕೆ ಕೊಡುವುದು ಇದರಿಂದ ಸಾಧ್ಯವಾಯಿತು. ಅರಭಾವಿಯ ಸುತ್ತಲಿನ ಹೊಲಗಳಿಗೆ ಕಾಲುವೆಯ ನೀರು ಸಾಮಾನ್ಯವಾಗಿ ಜುಲೈ ನಡುವಿನಿಂದ ಮಾರ್ಚ್ ನಡುವಿನವರೆಗೆ ಬರುತ್ತದೆ. ಆ ಕಾರಣ ಇಲ್ಲಿ ಬೇಸಿಗೆಯ ಆರಂಭವನ್ನು ಉಷ್ಣಮಾಪಕಕ್ಕಿಂತ ಕಾಲುವೆಯ ತೂಬು ಹೆಚ್ಚು ನಿಖರವಾಗಿ ಹೇಳುತ್ತದೆ. ಜೋಳದ ಹೊಲಗಳು ಕಬ್ಬು, ಗೋವಿನಜೋಳ ಮತ್ತು ಅರಿಷಿಣಕ್ಕೆ ತಿರುಗಿದವು, ಹಂತಿ ಮರೆಯಾಯಿತು, ಹಗೇವುಗಳು ಮುಚ್ಚಿಹೋದವು. ಫಾಲ್ಗುಣದ ರಾತ್ರಿಗಳಲ್ಲಿ ಈಗ ಕೇಳುವುದು ಕಬ್ಬು ಹೇರಿದ ಟ್ರ್ಯಾಕ್ಟರಿನ ಸದ್ದು. ಜಲಾಶಯ ಇಳಿದಾಗ ಹುನ್ನೂರಿನ ಮುಳುಗಡೆಯಾದ ವಿಠ್ಠಲ ಗುಡಿ ಮೇಲೇಳುವುದನ್ನು ನೋಡಲು ಜನ ಸೇರುತ್ತಾರೆ; ಆ ವರ್ಷದ ನೀರೆಷ್ಟು ಉಳಿದಿದೆಯೆಂಬುದಕ್ಕೆ ಅದೂ ಒಂದು ಅಳತೆ. ಧೂಪದಾಳದ ಹಿನ್ನೀರನ್ನು ಒಳಗೊಂಡ 29.78 ಚದರ ಕಿಲೋಮೀಟರ್ ಪ್ರದೇಶವು 1974ರಲ್ಲಿ ಪಕ್ಷಿಧಾಮವಾಯಿತು. ನವೆಂಬರ್‌ನಲ್ಲಿ ಬರುವ ಕರ್ಕರೆ ಕೊಕ್ಕರೆಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಮಾರ್ಚ್ ಹೊತ್ತಿಗೆ ಉತ್ತರಕ್ಕೆ ಹೊರಡುತ್ತವೆ. ತಮ್ಮ ನಾಡಿನಲ್ಲಿ ವಸಂತ ಶುರುವಾಗುವಾಗ ಅಲ್ಲಿರಬೇಕಾದ ಹಕ್ಕಿಗಳಿಗೆ ಇಲ್ಲಿಯ ವಸಂತ ಹೊರಡುವ ಗಡುವು ಮಾತ್ರ.

ನೀರು ಬಂದ ಮಾತ್ರಕ್ಕೆ ಆಕಾಶದ ಭಯ ಹೋಗಲಿಲ್ಲ, ಬೆಳೆ ಬದಲಾದಂತೆ ಅದರ ರೂಪ ಬದಲಾಯಿತು. ಅರಿಷಿಣವನ್ನು ಫೆಬ್ರವರಿ-ಮಾರ್ಚ್‌ನಲ್ಲಿ ಅಗೆದು, ಕುದಿಸಿ, ವಾರಗಟ್ಟಲೆ ಬಯಲಿನಲ್ಲಿ ಒಣಗಿಸಿ ಸಾಂಗ್ಲಿಯ ಪೇಟೆಗೆ ಒಯ್ಯಬೇಕು. ಒಣಗುವಾಗ ಒಂದು ಮಳೆ ಬಿದ್ದರೆ ಬಣ್ಣ ಕೆಟ್ಟು ಬೆಲೆ ಬೀಳುತ್ತದೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಸುರಿದ ಆಣೆಕಲ್ಲು ಮಳೆಯು ದ್ರಾಕ್ಷಿ, ಜೋಳ, ಗೋಧಿಗಳನ್ನು ಹಾಳುಮಾಡಿದಾಗ, ಹಿಂದೆ ಅಪರೂಪದ ಆಪತ್ತೆಂದು ಎಣಿಸಿದ್ದುದು ಎಷ್ಟು ವಿಶಾಲ ಪ್ರದೇಶವನ್ನು ಏಕಕಾಲಕ್ಕೆ ಹಿಡಿಯಬಲ್ಲದೆಂಬುದು ಕಂಡಿತು. ಮೂರನೆಯ ಬದಲಾವಣೆ ಈಗ ನಡೆಯುತ್ತಿರುವುದು. ಇಡೀ ದೇಶದ ಸರಾಸರಿಯಲ್ಲಿ 1901ರಿಂದೀಚಿನ ಅತಿ ಬಿಸಿಯಾದ ಫೆಬ್ರವರಿ 2025ರದು. ಅದಕ್ಕೆ ಎರಡು ವರ್ಷ ಮೊದಲು, 2023ರ ಫೆಬ್ರವರಿಯಲ್ಲಿ ಹಗಲಿನ ಗರಿಷ್ಠ ಉಷ್ಣತೆಯ ದಾಖಲೆ ಮುರಿದಿತ್ತು. ಶಿವರಾತ್ರಿಗೆ ಮುನ್ನವೇ ಚಳಿ ಹೋಗುವುದಾದರೆ ಕಾಳು ಕಟ್ಟುವ ಹಂತದ ಗೋಧಿ ಮತ್ತು ಕಡಲೆ ಅವಧಿಗೆ ಮುನ್ನ ಬಲಿತು ಜೊಳ್ಳಾಗುತ್ತವೆ, ಕಬ್ಬಿಗೆ ನೀರಿನ ಸರದಿ ಬೇಗ ಬೇಕಾಗುತ್ತದೆ, ಮಾರ್ಚ್ ನಡುವೆ ನಿಲ್ಲುವ ಕಾಲುವೆ ಮಾತ್ರ ಹಳೆಯ ದಿನಾಂಕಕ್ಕೇ ನಿಲ್ಲುತ್ತದೆ. ಈ ಸೀಮೆಯ ವಸಂತವನ್ನು ಆ ತಿಂಗಳ ಆಕಾಶವು ನಿರ್ಧರಿಸಿದ್ದಕ್ಕಿಂತ ಹಿಂದಿನ ಮಳೆಗಾಲದಲ್ಲಿ ಘಟ್ಟದಿಂದ ಬಂದ ನೀರೇ ಹೆಚ್ಚು ನಿರ್ಧರಿಸಿದೆ. ಬಿಸಿಲಿನ ದಾಖಲೆಗಳು ಹೀಗೆಯೇ ಮುಂದುವರಿದರೆ ಆ ಸಮತೋಲ ತಪ್ಪುವ ಸಂಭವ ಹೆಚ್ಚು.

ಇದನ್ನು ಖಚಿತವಾಗಿ ಹೇಳಬೇಕಾದರೆ ಊರೂರಿನ ದೀರ್ಘ ದಾಖಲೆ ಬೇಕು. ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆಯನ್ನು ಏಪ್ರಿಲ್ ನಡುವಿನಲ್ಲಿ, ಯುಗಾದಿಯ ಪಂಚಾಂಗಶ್ರವಣ ಮುಗಿದ ಕೆಲವು ವಾರಗಳೊಳಗೆ ಪ್ರಕಟಿಸುತ್ತದೆಯಾದರೂ ಅದು ಹೇಳುವುದು ಇಡೀ ದೇಶದ ಮಾತನ್ನು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು, ವರುಣಮಿತ್ರ ಸಹಾಯವಾಣಿಯ ಮೂಲಕ ರೈತರಿಗೆ ಮಾಹಿತಿ ಕೊಡುತ್ತಿದೆ. ಆದರೆ ಈ ಸರಣಿಯ ವಯಸ್ಸು ಕಡಿಮೆ. ಅದನ್ನು ಬ್ರಿಟಿಷರ ಕಾಲದಿಂದ ಬಂದ ತಾಲ್ಲೂಕು ಮಟ್ಟದ ಮಳೆಯ ಅಂಕಿಗಳೊಡನೆ ಮತ್ತು ಅರಭಾವಿಯ ತೋಟಗಾರಿಕೆ ಕಾಲೇಜು, ಕೃಷಿ ಸಂಶೋಧನಾ ಕೇಂದ್ರಗಳ ಹವಾಮಾನ ದಾಖಲೆಗಳೊಡನೆ ಜೋಡಿಸಿ ಒಂದೇ ಕಡೆ ಅಚ್ಚುಹಾಕಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಮೂಡಲಗಿ ಪ್ರತ್ಯೇಕ ತಾಲ್ಲೂಕಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಅದಕ್ಕೆ ಹಿಂದಿನ ಅದರ ಮಳೆ-ಬಿಸಿಲುಗಳನ್ನು ಹುಡುಕುವವರು ಗೋಕಾಕದ ಪುಸ್ತಕಗಳನ್ನೇ ತೆರೆಯಬೇಕು.